ಸೆರಗಿನ ಮೇಲಿನ ಊಟದ ಕರೆ

ಬರೆದು ಕೊಟ್ಟದ್ದನ್ನು ಎದುರಿನವರು ಓದಿಯೇ ಓದುತ್ತಾರೆ ಎಂದು ನಂಬುವವರು ಲೋಕದಲ್ಲಿ ಇಬ್ಬರೇ: ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಮತ್ತು ನನ್ನಂಥ ತಾಲ್ಲೂಕು ವರದಿಗಾರರು. ಚಳ್ಳಕೆರೆಯಲ್ಲಿ ಕೂತು ವರ್ಷಗಟ್ಟಲೆ ಸುದ್ದಿ ಬರೆದ ನನಗೆ ಈ ನಂಬಿಕೆ ತುಸು ಹೆಚ್ಚೇ ಇತ್ತು.

ನಾನು ಮಾತು ತಲುಪಿಸಬೇಕಿದ್ದದ್ದು ಮೊಳಕಾಲ್ಮೂರಿನ ಗೋವಿಂದುಗೆ. ನನ್ನ ಹೆಂಡತಿಯ ತಮ್ಮ, ರೇಷ್ಮೆ ಸೀರೆ ನೇಯುತ್ತಾನೆ. ಹುಟ್ಟಿನಿಂದ ಕಿವಿ ಕೇಳದು, ಅಕ್ಷರ ಕಲಿತಿಲ್ಲ, ಮಾತೆಲ್ಲ ಕೈಯಲ್ಲೇ. ನಮ್ಮಿಬ್ಬರ ನಡುವೆ ದುಭಾಷಿಯಾಗಿದ್ದವಳು ನನ್ನ ಹೆಂಡತಿ. ಅವಳು ತೀರಿಕೊಂಡ ಮೇಲೆ ಅವನು ಬರುವುದು ನಿಂತಿತು. ನನ್ನ ಮನೆಯಲ್ಲಿ ಅವನೊಡನೆ ಮಾತಾಡುವವರಿಲ್ಲ. ನನ್ನೊಡನೆಯೂ ಇಲ್ಲ. ಒಂದು ಭಾನುವಾರ ಊಟಕ್ಕೆ ಕರೆಯೋಣ ಎನಿಸಿತು. ಅವನ ಹೆಂಡತಿ ಪದ್ಮಳಿಗೆ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಮೂರನೆಯವರ ಬಾಯಲ್ಲಿ ಹೋದ ಕರೆ ಪತ್ರಿಕಾ ಪ್ರಕಟಣೆಯಂತೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಕಿವುಡ ಮಕ್ಕಳಿಗೆ ಪಾಠ ಹೇಳುವ ಪರಿಚಯದ ಮೇಷ್ಟ್ರೊಬ್ಬರು, ಕೈಮಾತನ್ನೂ ಬರೆಯಬಹುದು ಎಂದು ಒಂದಷ್ಟು ಹಾಳೆ ಕೊಟ್ಟರು. ಅಂಗೈ ಕಂಡರೆ ಬಿಳಿ ಗುರುತು, ಹಿಂಗೈ ಕಂಡರೆ ಕಪ್ಪು, ಪಕ್ಕಕ್ಕಿದ್ದರೆ ಅರ್ಧ ಬಿಳಿ ಅರ್ಧ ಕಪ್ಪು. ಕೈ ಮೇಲೆ ಕೆಳಗೆ ಆಡಿದರೆ ಜೋಡಿಗೆರೆಯ ಬಾಣ, ಹಿಂದೆ ಮುಂದೆ ಆಡಿದರೆ ಒಂಟಿಗೆರೆಯದು. ಮುಟ್ಟಿದರೆ ಪುಟ್ಟ ನಕ್ಷತ್ರ. ಕಿಟಕಿಯ ಬಳಿ ಕನ್ನಡಿ ಇಟ್ಟುಕೊಂಡು, ಹೆಂಡತಿ ಮಾಡುತ್ತಿದ್ದುದನ್ನು ನೆನೆದು ‘ಭಾನುವಾರ, ಮನೆ, ಬಾ, ಊಟ’ ಎಂದು ಕೈಯಾಡಿಸುತ್ತ ಬರೆದುಕೊಂಡೆ. ಹಾಲು ತಂದ ಗಂಗಮ್ಮ ನಿಂತು ನೋಡಿದಳು.

“ಯಾರನ್ನ ಕರೀತೀರಿ ಸಾರ್? ಒಳಗೆ ಯಾರೂ ಇಲ್ವಲ್ಲ!”

ವರದಿ ನಿಖರವಾಗಿತ್ತು. ನಾನು ಅಲ್ಲಗಳೆಯಲಿಲ್ಲ.

ನನ್ನ ಕೈಬರಹ ಅಚ್ಚುಮೊಳೆ ಜೋಡಿಸುವವರಿಗೇ ಕಣ್ಣೀರು ತರಿಸಿದಂಥದ್ದು. ಬಾಣಗಳು ಸೊಟ್ಟಗಾಗಬಾರದೆಂದು ಗ್ರಾಫ್ ಹಾಳೆ ತಂದು, ಚೌಕ ಚೌಕ ತುಂಬಿ ಬರೆದೆ. ಮೊಳಕಾಲ್ಮೂರಿಗೆ ಹೋಗಿ ಗೋವಿಂದುವಿನ ಕೈಗೇ ಕೊಟ್ಟೆ. ಅವನು ಬೆಳಕಿಗೆ ಹಿಡಿದು, ಬೆರಳಿಟ್ಟು ಸಾಲು ಸಾಲಾಗಿ ಓದಿದ. ತಲೆಯಾಡಿಸಿ ಜೇಬಿಗಿಟ್ಟುಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಎದೆ ಉಬ್ಬಿಯೇ ಇತ್ತು.

ಭಾನುವಾರ ಮುದ್ದೆ, ಹುಳಿಸೊಪ್ಪು ಮಾಡಿ ಎರಡು ತಟ್ಟೆ ಇಟ್ಟೆ. ಮೂರು ಗಂಟೆಗೆ ಒಂದು ತಟ್ಟೆ ಎತ್ತಿಟ್ಟೆ.

ಮುಂದಿನ ತಿಂಗಳು ಪದ್ಮಳ ಫೋನ್: “ಅಣ್ಣಾ, ನಿಮ್ದು ರೆಡಿ ಐತೆ, ಬರ್ರಿ.” ಏನೆಂದು ತಿಳಿಯದೆ ಹೋದೆ. ಗೋವಿಂದು ಮಗ್ಗದ ಪಕ್ಕದಲ್ಲಿ ಒಂದು ಸೀರೆ ಬಿಡಿಸಿದ. ಸೆರಗಿನ ತುಂಬ ನನ್ನ ಬಾಣ, ನಕ್ಷತ್ರ, ಅರ್ಧ ಕಪ್ಪಿನ ಕೈಗಳು, ಜರಿಯಲ್ಲಿ. ನೇಕಾರರ ಮನೆಯಲ್ಲಿ ಗ್ರಾಫ್ ಹಾಳೆ ಕೊಡುವುದು ಸೀರೆಗೆ ನಮೂನೆ ಕೊಟ್ಟಂತೆ ಎಂಬುದು ನನಗೆ ಆಗ ಹೊಳೆಯಿತು.

“ಇಂಥ ಬುಟ್ಟಾ ಎಲ್ಲೂ ಕಂಡಿಲ್ಲ ಅಂತಾರೆ ಇವ್ರು. ಒಂದು ಚೌಕ ತಪ್ಪದಂಗೆ ಎತ್ಯಾರೆ ನೋಡ್ರಿ” ಎಂದಳು ಪದ್ಮ. ಆಮೇಲೆ ದನಿ ತಗ್ಗಿಸಿ, “ಯಾರಿಗಣ್ಣಾ ಸೀರೆ?”

ಗೋವಿಂದು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಹೆಮ್ಮೆಯ ಎದುರು ತಿದ್ದುಪಡಿ ಪ್ರಕಟಿಸುವ ಧೈರ್ಯ ನನಗಾಗಲಿಲ್ಲ. ಕನ್ನಡಿಯ ಮುಂದೆ ಅಷ್ಟೊಂದು ಆಡಿದ ಕೈಗಳನ್ನು ಜೋಡಿಸಿ ನಮಸ್ಕಾರ ಮಾತ್ರ ಮಾಡಿದೆ.

ಸೀರೆ ಈಗ ಬೀರುವಿನಲ್ಲಿ, ಹೆಂಡತಿಯ ಸೀರೆಗಳ ಮೇಲಿದೆ. ಬಾಗಿಲು ತೆರೆದಾಗೆಲ್ಲ ‘ಮನೆಗೆ ಬಾ, ಊಟ ಮಾಡು’ ಎನ್ನುತ್ತದೆ. ಈ ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಕರೆದವರಿಗೆ ಬೇಸರವಾಗಬಾರದಲ್ಲ, ಕೈತೊಳೆದು ಅಡುಗೆಮನೆಗೆ ಹೋಗುತ್ತೇನೆ.