ಎದುರು ಮನೆಯ ಬಿಟ್ಟಿ ಫೋಟೊ

ದುಡ್ಡು ಕೊಡದೆ ಒಂದು ಫೋಟೊ ಸಂಪಾದಿಸುವುದು ಏನು ಮಹಾ ಕೆಲಸ ಎಂದುಕೊಂಡೇ ನಾನು ಈ ಪಾಪಕ್ಕೆ ಕೈ ಹಾಕಿದ್ದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನಿವೃತ್ತನಾಗುವವರೆಗೆ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೋಲ್ಟು, ನಟ್ಟು ಎಣಿಸಿ ಕೊಡುತ್ತಿದ್ದೆ. ಆಮೇಲೆ ಯಲಹಂಕದಲ್ಲಿ ಹಿರಿಯರಿಗೆಂದು ನಡೆಸುತ್ತಿದ್ದ ಕಂಪ್ಯೂಟರ್ ತರಗತಿಗೆ ಸೇರಿ, ಟೈಪು ಮಾಡಲು ಕಲಿತು, ಒಂದು ಬ್ಲಾಗು ತೆರೆದೆ. ಬಸ್ಸಾರಿನಿಂದ ಬ್ರಹ್ಮಾಂಡದವರೆಗೆ ನಾನು ಬರೆಯದ ವಿಷಯವಿರಲಿಲ್ಲ. ಓದುಗರು ಇಬ್ಬರಿದ್ದರು. ಒಬ್ಬ ನಾನು. ಇನ್ನೊಬ್ಬಳು ನನ್ನ ಹೆಂಡತಿ ಜಯಮ್ಮ. ಅವಳೂ ಓದುತ್ತಿದ್ದುದು ನಾನು ಎದುರಿಗೆ ಕುಳಿತಿದ್ದಾಗ ಮಾತ್ರ.

ಫೋಟೊ ಇಲ್ಲದ ಬರಹ ಒಗ್ಗರಣೆ ಇಲ್ಲದ ಸಾರು ಎಂದು ತರಗತಿಯ ಮೇಡಂ ಹೇಳಿದರು. ಆ ಮಾತನ್ನು ಶಿರಸಾವಹಿಸಿ ಇಂಟರ್‌ನೆಟ್ಟಿನಿಂದ ಒಂದು ಹಲಸಿನ ಹಣ್ಣಿನ ಫೋಟೊ ಎತ್ತಿ ಹಾಕಿದೆ. ಮರುವಾರವೇ ಆ ಫೋಟೊ ತೆಗೆದವರು ಅದು ತಮ್ಮದೆಂದೂ ಕೂಡಲೇ ತೆಗೆದುಹಾಕಬೇಕೆಂದೂ ಖಾರವಾಗಿ ಬರೆದರು. ನನಗೆ ಬಂದ ಮೊದಲ ಓದುಗರ ಪತ್ರ ಅದೇ!

ಕೇಳಿದ್ದಕ್ಕೆ ಮೇಡಂ, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಪುಣ್ಯಾತ್ಮರು ಫೋಟೊ ಬಿಟ್ಟಿಯಾಗಿ ಇಟ್ಟಿರುವ ತಾಣಗಳನ್ನು ತೋರಿಸಿಕೊಟ್ಟರು. ತೊಂದರೆ ಏನೆಂದರೆ, ಆ ಪುಣ್ಯಾತ್ಮರೆಲ್ಲ ಪರದೇಶದಲ್ಲೇ ಇದ್ದರು. ರಾಗಿಮುದ್ದೆ ಹುಡುಕಿದರೆ ಕಂದು ಬಣ್ಣದ ಉಂಡೆಗಳು ಸಿಕ್ಕವು. ಹಾಕಿದೆ. ಮುದ್ದೆಯ ಮೇಲೆ ಯಾರಾದರೂ ಸಕ್ಕರೆ ಪುಡಿ ಉದುರಿಸುತ್ತಾರೆಯೇ ಎಂದು ಜಯಮ್ಮ ಕೇಳಿದಳು. ಅದು ಚಾಕಲೇಟು! ಅತ್ತೆ ಸೊಸೆಯರ ಜಗಳದ ಬಗ್ಗೆ ಬರೆದಾಗ ಸಿಕ್ಕಿದ್ದು ಇಬ್ಬರು ಬಿಳಿಯ ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತಿದ್ದ ಚಿತ್ರ.

"ಅತ್ತೆ ಸೊಸೆ ಹಿಂಗಿದ್ರೆ ನೀವು ಬರಿಯೋದು ಯಾತಕ್ಕೆ?" ಎಂದಳು ಜಯಮ್ಮ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಆ ವಾರ ವಾಸ್ತುವಿನ ಮೇಲೆ ಒಂದು ಲೇಖನ ಬರೆದೆ. ವಾಸ್ತುವಿನಲ್ಲಿ ನನ್ನ ಪಾಂಡಿತ್ಯವೆಲ್ಲ ಕ್ಯಾಲೆಂಡರಿನ ಹಿಂಬದಿಯಿಂದ ಮತ್ತು ಬೆಳಗಿನ ಟೀವಿ ಕಾರ್ಯಕ್ರಮದಿಂದ ಬಂದದ್ದು. ದಕ್ಷಿಣದ ಬಾಗಿಲು, ಈಶಾನ್ಯದ ಮೆಟ್ಟಿಲು, ಇವುಗಳಿಂದಾಗುವ ಅನಾಹುತ ಎಲ್ಲ ಬರೆದು, ಕೊನೆಗೊಂದು ಗಟ್ಟಿ ವಾಕ್ಯ ಇರಲಿ ಎಂದು ಹೀಗೆ ಸೇರಿಸಿದೆ: "ಚಿತ್ರದಲ್ಲಿರುವಂಥ ಮನೆಯಿಂದ ಹೆಣ್ಣು ತರುವವರು ಹಿಂದೆಮುಂದೆ ನೋಡಬೇಕು."

ವಾಕ್ಯವೇನೋ ಸಿದ್ಧವಾಯಿತು. ಚಿತ್ರ ಬೇಕಲ್ಲ! ಬಿಟ್ಟಿ ತಾಣದಲ್ಲಿ ಮನೆ ಎಂದು ಹುಡುಕಿದರೆ ಚೂಪು ಚಾವಣಿ, ಚಾವಣಿಯ ಮೇಲೆ ಹಿಮ, ಅಂಗಳದಲ್ಲೊಂದು ಜಿಂಕೆ. ಸೂರ್ಯನೇ ಕಾಣದ ಆ ಊರಿನಲ್ಲಿ ದಕ್ಷಿಣ ಯಾವುದೆಂದು ಹೇಳುವವರು ಯಾರು? ಬೇಸತ್ತು ತಲೆಯೆತ್ತಿದೆ. ಕಿಟಕಿಯಾಚೆ ಎದುರು ಮನೆ. ನಮ್ಮದು ಉತ್ತರದ ಬಾಗಿಲು. ಎದುರಿನದು, ಲೆಕ್ಕಕ್ಕೆ ಸರಿಯಾಗಿ, ದಕ್ಷಿಣದ್ದು. ಮೆಟ್ಟಿಲೂ ಈಶಾನ್ಯದಲ್ಲೇ ಇತ್ತು. ಬಿಟ್ಟಿ ಫೋಟೊ ಕಣ್ಣೆದುರಿಗೇ ನಿಂತಿರುವಾಗ ಊರೆಲ್ಲ ಹುಡುಕಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡು, ಮರುದಿನ ಬೆಳಗ್ಗೆ ಫೋನು ಹಿಡಿದು ಬೀದಿಗಿಳಿದೆ. ಒಂದು ಫೋಟೊ ಬಂತು. ಹಾಕಿದೆ.

ಎದುರು ಮನೆ ಕೆಂಪಣ್ಣನವರದು. ಬೋರ್‌ವೆಲ್ಲು ಕೈಕೊಟ್ಟಾಗಲೆಲ್ಲ ನಮಗೆ ನೀರು ಬಿಟ್ಟವರು. ಅವರ ಮಗಳು ಸವಿತಾಳನ್ನು ನೋಡಲು ಆ ಭಾನುವಾರ ಹುಣಸಮಾರನಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಇದು ನನಗೆ ಗೊತ್ತಿತ್ತು. ಆದರೆ ನನ್ನ ಬ್ಲಾಗನ್ನು ಯಾರೂ ಓದುವುದಿಲ್ಲ ಎಂಬುದೂ ಗೊತ್ತಿತ್ತಲ್ಲ!

ಓದುಗ ಸಿಕ್ಕೇಬಿಟ್ಟ. ಹುಡುಗನ ಸೋದರಮಾವ ರಾಮಾಂಜಿನಪ್ಪ ಎಂಬವರು ಹೊಸ ಮನೆ ಕಟ್ಟಿಸುತ್ತಾ, ವಾಸ್ತು ವಾಸ್ತು ಎಂದು ಇಂಟರ್‌ನೆಟ್ಟನ್ನೆಲ್ಲ ಜಾಲಾಡುತ್ತಿದ್ದರಂತೆ. ಫೋಟೊದಲ್ಲಿ 'ಮುನೇಶ್ವರ ನಿಲಯ' ಎಂಬ ಬೋರ್ಡು ಸ್ಪಷ್ಟವಾಗಿತ್ತು. ಮದುವೆ ಬ್ರೋಕರು ಅವರಿಗೆ ಕೊಟ್ಟಿದ್ದ ವಿಳಾಸದಲ್ಲೂ ಅದೇ ಹೆಸರು. ವಾಟ್ಸಾಪು ಆಗತಾನೇ ಎಲ್ಲರ ಕೈಗೂ ಬಂದಿದ್ದ ಕಾಲ. ಸಂಜೆಯೊಳಗೆ ಅವರ ವಂಶದವರೆಲ್ಲ ನನ್ನ ಗಟ್ಟಿ ವಾಕ್ಯವನ್ನು ನೋಡಿದ್ದರು.

ಶನಿವಾರ ಕೆಂಪಣ್ಣ ಗೇಟಿನಲ್ಲೇ ನಿಂತು ಮಾತಾಡಿದರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ನಾಳೆ ಬರಲ್ವಂತೆ ಸ್ವಾಮಿ. ನಮ್ ಮನೆ ಮೇಲೆ ನಿಮ್ಗೆ ಇಷ್ಟು ಸಿಟ್ಟಿದೆ ಅಂತ ಗೊತ್ತಿರಲಿಲ್ಲ."

ಸಿಟ್ಟಲ್ಲ, ಕೆಂಪಣ್ಣ, ಬೇರೆ ಫೋಟೊ ಸಿಗಲಿಲ್ಲ ಎಂದೆ. ಅವರು ಗೇಟು ಎಳೆದುಕೊಂಡು ಹೊರಟುಹೋದರು. ಆ ಉತ್ತರ ನನಗೇ ಸರಿಬೀಳಲಿಲ್ಲ.

ತಕ್ಷಣ ಲೇಖನವನ್ನೇ ಅಳಿಸಿಹಾಕಬಹುದಿತ್ತು. ಬುದ್ಧಿವಂತರು ಹಾಗೆ ಮಾಡುತ್ತಿದ್ದರು. ನಾನು ಪ್ರಾಯಶ್ಚಿತ್ತದ ಆವೇಶದಲ್ಲಿ ಅವರ ಮನೆಯ ಫೋಟೊ ಅಳಿಸಿ ನಮ್ಮ ಮನೆಯ ಫೋಟೊ ಹಾಕಿದೆ. ಅಪಮಾನವಾಗುವುದಾದರೆ ನನಗೇ ಆಗಲಿ! ಮಾರನೆಯ ಬೆಳಗ್ಗೆ ಮಹಡಿಯ ಮೇಲಿನ ಬಾಡಿಗೆಯವನು ಫೋನು ಹಿಡಿದು ಇಳಿದು ಬಂದ.

"ಅಂಕಲ್, ಈ ಮನೇಲಿ ನೆಮ್ಮದಿ ಇರಲ್ಲ ಅಂತ ನೀವೇ ಬರ್ದಿದೀರ. ಅಡ್ವಾನ್ಸ್ ತಗೊಳೋವಾಗ ಹೇಳ್ಬೇಕಿತ್ತಲ್ವಾ?"

ಇದನ್ನು ಒಳಗಿನಿಂದ ಕೇಳಿಸಿಕೊಂಡ ಜಯಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳು ಕೂಗಾಡುವವಳಲ್ಲ. ಅದೇ ಭಯ.

"ಕಂಪ್ಯೂಟರ್ ಮುಚ್ಚಿ. ಶರ್ಟ್ ಹಾಕೊಳಿ. ಹುಣಸಮಾರನಹಳ್ಳಿಗೆ ಹೋಗಿ, ನಂಗೇನೂ ಗೊತ್ತಿಲ್ಲ ಅಂತ ಒಪ್ಕೊಂಡು ಬನ್ನಿ. ಆ ಹುಡುಗಿ ಮದ್ವೆ ನಿಂತ್ರೆ ನಾನು ಗೌರಮ್ಮನ ಮುಖ ಹೆಂಗ್ ನೋಡ್ಲಿ?"

ಗೌರಮ್ಮ ಎಂದರೆ ಕೆಂಪಣ್ಣನವರ ಹೆಂಡತಿ. ನಾನು ಬಸ್ಸು ಹತ್ತಿದೆ. ಲೇಖನವನ್ನು ಅಳಿಸಿಯೇ ಹತ್ತಿದೆ.

ರಾಮಾಂಜಿನಪ್ಪನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಒಪ್ಪಿಕೊಳ್ಳುವುದು. ವಾಸ್ತು ಲೇಖನ ಬರೆದವನು ನಾನೇ ಎಂದು ಹೇಳಿದ್ದೇ ತಡ, ಅವರು ಎದ್ದು ನಿಂತು ಕೈಮುಗಿದರು! ಎಳನೀರು ತರಿಸಿದರು. ಮಾತಿಗೆ ಆಸ್ಪದ ಕೊಡದೆ ಅರ್ಧ ಕಟ್ಟಿದ ಮನೆಗೆ ಕರೆದೊಯ್ದು ಅಡುಗೆಮನೆ ಎಲ್ಲಿರಬೇಕು ಎಂದು ಕೇಳಿದರು. ಅರವತ್ತು ದಾಟಿದ ಬದುಕಿನಲ್ಲಿ ನನ್ನನ್ನು ಯಾರೂ ಹಾಗೆ ಏನನ್ನೂ ಕೇಳಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕೈ ತಾನಾಗಿಯೇ ಎದ್ದು ಗಂಭೀರವಾಗಿ ಒಂದು ಮೂಲೆ ತೋರಿಸಿತು. ಅದು ಮೆಟ್ಟಿಲು ಬರಬೇಕಾದ ಜಾಗವೆಂದು ಮೇಸ್ತ್ರಿ ಕೆಮ್ಮಿದ.

ಅಷ್ಟರಲ್ಲಿ ಹುಡುಗನ ತಾಯಿ ಮುನಿಯಮ್ಮ ಬಂದರು. ಅವರನ್ನು ಕಂಡೊಡನೆ ನನ್ನ ಪಾಂಡಿತ್ಯ ಇಳಿದುಹೋಯಿತು. ತಾಯಿ, ನಾನು ಬೋಲ್ಟು ಎಣಿಸುತ್ತಿದ್ದವನು, ಬರೆದದ್ದು ಕ್ಯಾಲೆಂಡರು ನೋಡಿ, ಕೆಂಪಣ್ಣನವರ ಮನೆಯಂಥ ಒಳ್ಳೆಯ ಮನೆ ನಮ್ಮ ಬೀದಿಯಲ್ಲೇ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ರಾಮಾಂಜಿನಪ್ಪ ನನ್ನ ಕೈಯಲ್ಲಿದ್ದ ಎಳನೀರನ್ನು ನೋಡಿದರು. ಅದಾಗಲೇ ಮುಗಿದಿತ್ತು.

"ನೀ ಬರೆದಿದ್ದು ನಾನ್ ಓದ್ನಿಲ್ಲ ಬುಡಪ್ಪ. ಯಾರ್ ಓದ್ತಾರೆ ಅಷ್ಟುದ್ದ?" ಎಂದರು ಮುನಿಯಮ್ಮ. ಆಮೇಲೆ ತಮ್ಮನ ಫೋನು ಕಿತ್ತುಕೊಂಡು ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದರು. "ಗೇಟ್ ತಾವ ನಿಂತೌಳಲ್ಲ, ಇವಳೇನಾ ಹುಡ್ಗಿ?"

ಕಣ್ಣು ಕಿರಿದು ಮಾಡಿ ನೋಡಿದೆ. ಹೌದು. ಮೂಲೆಯಲ್ಲಿ ಸವಿತಾ. ಪೊರಕೆ ಹಿಡಿದು, ನೈಟಿಯಲ್ಲಿ, ತಲೆಗೆ ಟವೆಲು ಸುತ್ತಿಕೊಂಡು. ಮನೆಯ ಈಶಾನ್ಯ ಮೂಲೆ ಹುಡುಕುವ ಭರಾಟೆಯಲ್ಲಿ ನಾನು ಅವಳನ್ನು ನೋಡಿಯೇ ಇರಲಿಲ್ಲ. ಮದುವೆಗಿದ್ದ ಹುಡುಗಿಯನ್ನು ಹೀಗೆ ಲೋಕಕ್ಕೆಲ್ಲ ತೋರಿಸಿದೆನಲ್ಲ ಎಂದು ಹಣೆ ಚಚ್ಚಿಕೊಂಡೆ.

"ಬ್ರೋಕರ್ ಕೊಟ್ಟ ಫೋಟೋದಾಗೆ ಕೋಲು ನುಂಗ್ದಂಗೆ ಕೂತವ್ಳೆ. ನಂಗೆ ಮನಸಿಗೆ ಬಂದಿರ್ನಿಲ್ಲ. ಇದ್ರಾಗೆ ನೋಡು, ಬಾಯ್ತುಂಬ ಎಂಗ್ ನಗ್ತಾವ್ಳೆ. ನಮ್ ಮನೇಲಿ ಇಂಗೆ ನಗೋರು ಒಬ್ರೂ ಇಲ್ಲ."

ದಕ್ಷಿಣದ ಬಾಗಿಲು ಎಂದು ರಾಮಾಂಜಿನಪ್ಪ ಏನೋ ಹೇಳಹೊರಟರು. ಬಾಗಿಲು ಅಲ್ಲೇ ಇರುತ್ತೆ, ಹುಡುಗಿ ಇಲ್ಲಿಗೆ ಬರುತ್ತಾಳೆ ಎಂದು ಅಕ್ಕ ಅವರ ಬಾಯಿ ಮುಚ್ಚಿಸಿದರು. ಮುಂದಿನ ಭಾನುವಾರ ಅವರು ಬಂದರು. ಮಾತುಕತೆ ಮುಗಿಯಿತು. ಕೆಂಪಣ್ಣ ಮತ್ತೆ ನನ್ನೊಡನೆ ಮಾತಾಡಿದರು, ಸ್ವಲ್ಪ ದೂರ ನಿಂತು.

ಆ ದಿನ ನಾನು ಹೊರಡುವಾಗ ಮುನಿಯಮ್ಮ ಇನ್ನೊಂದು ಮಾತು ಕೇಳಿದ್ದರು. ಅಷ್ಟು ಬೆಳಗ್ಗೆಯೇ ಆ ಹುಡುಗಿ ಏನು ಕಂಡು ಹಾಗೆ ನಗುತ್ತಿದ್ದಳು ಎಂದು. ನನಗೆ ಗೊತ್ತಿಲ್ಲ ತಾಯಿ ಎಂದೆ. ಎಲ್ಲವನ್ನೂ ಒಪ್ಪಿಕೊಂಡು ಬರಲು ಹೋದವನು ಅದೊಂದನ್ನು ಒಪ್ಪಿಕೊಳ್ಳಲಿಲ್ಲ. ಇಲ್ಲಿ ಒಪ್ಪಿಕೊಳ್ಳುತ್ತೇನೆ. ಇಡೀ ಮನೆ ಫೋಟೊದೊಳಗೆ ಬರಲೆಂದು ಫೋನು ಎತ್ತಿಕೊಂಡು ಹಿಂದೆ ಹಿಂದೆ ಸರಿದ ನಾನು, ಪಕ್ಕದ ಸೈಟಿನವರು ಕಲಸಿಟ್ಟಿದ್ದ ಸಿಮೆಂಟು ಗುಡ್ಡೆಯ ಮೇಲೆ ಕುಕ್ಕರಿಸಿ ಕುಳಿತಿದ್ದೆ. ನಿಜ ಹೇಳಬೇಕೆಂದರೆ ಆ ಫೋಟೊ ತೆಗೆದವನೂ ನಾನಲ್ಲ. ಬೀಳುವಾಗ ಬೆರಳು ತಾಗಿ ಅದು ತಾನೇ ತೆಗೆದುಕೊಂಡಿತ್ತು.