ಛಾವಣಿ ಮೇಲೆ ಸಹಾಯಕ ಕೋಚ್

ವೆಂಡೆಲ್ ಗ್ರೂಬರ್ ಮಾಡಿದ ತಪ್ಪು ಇಷ್ಟೇ: ಹೆಂಡತಿಯ ಬೈಗುಳ ತಡೆಯಲಾರದೆ ಛಾವಣಿಯಂಚಿನ ಒಣಗಿದೆಲೆ ತೆಗೆಯಲು ಏಣಿ ಹತ್ತಿದ. ಹೆಂಡತಿ ತಂಗಿಯ ಮನೆಗೆ ಹೊರಟುಹೋದಳು. ಏಣಿ ಜಾರಿ ಬಿದ್ದು ಎರಡು ತುಂಡಾಯಿತು. ಫೋನು ಅಡುಗೆಮನೆಯಲ್ಲಿತ್ತು.

ಪಕ್ಕದಂಗಳದಲ್ಲಿ ಲಮಾಂಟ್ ಮಾಂಸ ಸುಡುತ್ತಿದ್ದ. ಏಳಡಿ ಆಳು. ಕೈಯೆತ್ತಿದರೆ ವೆಂಡೆಲ್‌ನನ್ನು ಬೆಕ್ಕಿನ ಮರಿಯಂತೆ ಇಳಿಸಬಲ್ಲವ. ಆದರೆ ಅವನು ಹೆರಾನ್ಸ್ ಬಾಸ್ಕೆಟ್‌ಬಾಲ್ ತಂಡದ ಆಟಗಾರ, ವೆಂಡೆಲ್ ಅದೇ ತಂಡದ ಸಹಾಯಕ ಕೋಚ್. ಸಂಬಳದ ಜಗಳವಾಗಿ ಮಾಲೀಕರು ಬೇಸಿಗೆಯಲ್ಲೇ ಲಾಕೌಟ್ ಸಾರಿ ಅಂಗಣಕ್ಕೆ ಬೀಗ ಜಡಿದಿದ್ದರು. ಬೀಗ ತೆಗೆಯುವ ತನಕ ನೌಕರರು ಆಟಗಾರರ ಜೊತೆ ಒಂದು ಮಾತಾಡಿದರೂ ಕೆಲಸ ಹೋಯಿತೆಂದೇ ಲೆಕ್ಕ.

ವೆಂಡೆಲ್ ಕೆಮ್ಮಿದ. ಲಮಾಂಟ್ ತಲೆಯೆತ್ತಿ ನೋಡಿ, ತುಟಿಗೆ ಬೆರಳಿಟ್ಟು, ಮತ್ತೆ ಮಾಂಸ ಮಗುಚಿದ.

ಕೆಮ್ಮು ಕೇಳಿ ಎದುರುಮನೆಯ ಮಿಸೆಸ್ ಪವ್ಲಾಕ್ ಓಡಿಬಂದಳು. “ಅಲ್ಲೇನ್ರೀ ಮಾಡ್ತಿದೀರ, ಹದ್ದಿನ ಹಾಗೆ?”

“ಇಳಿಯೋಕಾಗ್ತಿಲ್ಲ. ನಾನ್ ಹೇಳ್ದೆ ಅನ್ಬೇಡಿ, ನೀವಾಗೇ ಅವನಿಗೆ ಹೇಳಿ.”

ಅವಳು ಹೇಳಿದಳು. ಲಮಾಂಟ್ ನಕ್ಕ. “ಅಜ್ಜಿ, ಕೊನೇ ಪಂದ್ಯದಲ್ಲಿ ನನ್ನನ್ನ ಹೊರಗೆ ಕೂರಿಸಿದ್ದು ತಪ್ಪಾಯ್ತು ಅನ್ಲಿ, ನೋಡಣ.”

ವೆಂಡೆಲ್ ಚಿಮಣಿಯ ಕಡೆ ತಿರುಗಿ ಕೈಮುಗಿದ. “ಚಿಮಣಿಯಪ್ಪಾ, ಒಬ್ಬನ್ನ ಹೊರಗೆ ಕೂರಿಸಿದ್ದು ತಪ್ಪಾಯ್ತಪ್ಪಾ!”

ಅಷ್ಟರಲ್ಲಿ ಕಾರು ಕಾರ್ಖಾನೆಯಿಂದ ನಿವೃತ್ತನಾದ ಸ್ಟಾನ್ ಮಡಿಸುವ ಕುರ್ಚಿ, ಬಿಯರ್ ಸಮೇತ ಹಾಜರಾದ. “ಇಳಿಸ್ಬೇಡ ಕಣೋ! ನಮ್ ಕಾರ್ಖಾನೆ ಮುಷ್ಕರದಲ್ಲಿ ನಾವ್ಯಾರೂ ಮೆತ್ತಗಾಗ್ಲಿಲ್ಲ. ನನ್ನತ್ರ ಏಣಿ ಇದೆ, ಮಾಲೀಕರ ಕಡೆಯೋರಿಗೆ ಕೊಡಲ್ಲ.”

“ಅವ್ರೆಲ್ಲಿ ಮಾಲೀಕರು? ಪಾಪ, ಕೂಲಿಯಾಳು!” ಎಂದಳು ಪವ್ಲಾಕ್. “ಅಗ್ನಿಶಾಮಕದೋರನ್ನ ಕರೀಲಾ?”

“ಬೇಡಮ್ಮ!” ವೆಂಡೆಲ್ ಕಿರುಚಿದ. “ಹಿಂದೇನೇ ಟೀವಿಯೋರು ಬರ್ತಾರೆ. ನಾನೂ ಅವನೂ ಒಂದೇ ಚಿತ್ರದಲ್ಲಿ ಕಂಡ್ರೆ ನನ್ ಕತೆ ಮುಗೀತು!”

ಕೆಳಗೆ ಕುರ್ಚಿಗಳು ಹೆಚ್ಚಿದವು. ಅರ್ಧ ಬೀದಿ ಆಟಗಾರರ ಕಡೆ, ಅರ್ಧ ಬೀದಿ ಮಾಲೀಕರ ಕಡೆ. ಸುಟ್ಟ ಮಾಂಸ ಮಾತ್ರ ಎರಡೂ ಕಡೆಗೆ ಸಮನಾಗಿ ಹಂಚಿಕೆಯಾಯಿತು. ಮೇಲಿದ್ದವನಿಗೆ ಅದರ ಹೊಗೆ. ಗಾಳಿ ಚುರುಕಾಯಿತು. ಬೆಳಗಿನ ಕಾಫಿ ಹೊರಬರುವ ದಾರಿ ಹುಡುಕತೊಡಗಿತು.

ಕೊನೆಗೆ ಲಮಾಂಟ್‌ಗೇ ಕರುಳು ಚುರುಕ್ಕೆಂದಿತು. ಬೇಲಿ ದಾಟಿ ಬಂದು, ಮಾತಿಲ್ಲದೆ ಎರಡೂ ಕೈಯೆತ್ತಿದ.

ಆಗಲೇ ಪವ್ಲಾಕ್ ರೇಡಿಯೋ ಹಿಡಿದು ಕೂಗಿದಳು: “ರಾಜಿಯಾಯ್ತಂತೆ! ಲಾಕೌಟ್ ಮುಗೀತಂತೆ!”

“ಲಮಾಂಟ್! ನನ್ನಪ್ಪಾ!” ತಿಂಗಳುಗಟ್ಟಲೆ ಕಟ್ಟಿಟ್ಟ ಮಾತೆಲ್ಲ ಒಮ್ಮೆಗೇ ನುಗ್ಗಿತು. ಆ ಸಂತೋಷದಲ್ಲಿ ವೆಂಡೆಲ್, ಆಲೂಗಡ್ಡೆ ಮೂಟೆಯಂಥ ಮೈಯ ವೆಂಡೆಲ್, ಧುಮುಕಿಯೇಬಿಟ್ಟ. ಲಮಾಂಟ್ ಹಿಡಿದ, ಚೆನ್ನಾಗಿಯೇ ಹಿಡಿದ. ಅವನ ಸೊಂಟದಲ್ಲಿ ‘ಕಟಕ್’ ಎಂದಿತು.

ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ವೆಂಡೆಲ್ ಓಡಿ ಎತ್ತಿಕೊಂಡ. ಮಾಲೀಕರದೇ ದನಿ, ಬೆಣ್ಣೆಯಂತೆ ಮೃದು: “ಗ್ರೂಬರ್, ಈ ವರ್ಷ ನಮ್ಮ ಆಸೆಯೆಲ್ಲ ಲಮಾಂಟ್ ಮೇಲೇ. ಈಗ್ಲೇ ಅಭ್ಯಾಸಕ್ಕೆ ಅವನನ್ನ ಕರ್ಕೊಂಡ್ ಬಾ.”

ಕಿಟಕಿಯಾಚೆ ಲಮಾಂಟ್ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿ ನರಳುತ್ತಿದ್ದ. ಪವ್ಲಾಕ್ ಒಂದು ಕಾಲು, ಸ್ಟಾನ್ ಇನ್ನೊಂದು ಕಾಲು ಹಿಡಿದು ಎಳೆಯುತ್ತಿದ್ದರು.

ವೆಂಡೆಲ್ ಕಿಟಕಿಯ ಪರದೆ ಎಳೆದ. “ಕರ್ಕೊಂಡಲ್ಲ ಸಾರ್,” ಎಂದ, “ಹೊತ್ಕೊಂಡ್ ಬರ್ತೀನಿ.”