ಕಪಾಟಿನ ಬಾಯಿಗೆ ಮಣ್ಣು

ಕುಂಬಾರ ಹುಳಕ್ಕೆ ಆ ಹೆಸರು ಹೇಗೆ ಬಂತೆಂದು ಕಂಡುಹಿಡಿದೇ ತೀರುವುದಾಗಿ ನರಿಕೊಂಬಿನ ನಿವೃತ್ತ ಕನ್ನಡ ಮಾಷ್ಟ್ರು ಮುಂಡಪ್ಪ ಪಣ ತೊಟ್ಟರು. ಮೂರೇ ವಾರದಲ್ಲಿ ಕಂಡುಹಿಡಿದೂ ಬಿಟ್ಟರು. ಮಣ್ಣಿನ ಗೂಡು ಕಟ್ಟುವುದರಿಂದ ಆ ಹೆಸರು ಎನ್ನುವುದು ಪಾಮರರ ಮಾತಂತೆ. ಅದರ ಸೊಂಟ ನೂಲಿನಷ್ಟು, ಹೊಟ್ಟೆ ಕುಂಭದಷ್ಟು. ಆದ್ದರಿಂದ ಅದು ಕುಂಭೋದರ, ಜನರ ಬಾಯಲ್ಲಿ ಸವೆದು ಕುಂಬಾರ! ಈ ಮಹಾಸತ್ಯಕ್ಕೆ ಹನ್ನೆರಡು ಪುಟ, ಹದಿನೆಂಟು ಅಡಿಟಿಪ್ಪಣಿ. ಹುಳವನ್ನು ಮಾತ್ರ ಅವರು ಹತ್ತಿರದಿಂದ ನೋಡಿರಲಿಲ್ಲ. ಸಂಶೋಧಕರಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿರುತ್ತದೆ?

ಮೂಡುಬಿದಿರೆಯ ಸಾಹಿತ್ಯ ಕೂಟದವರು ಮೊದಲ ಸಲ ಅವರನ್ನು ಮುಖ್ಯ ಭಾಷಣಕ್ಕೆ ಕರೆದಿದ್ದರು. ಹತ್ತು ವರ್ಷದಿಂದ ಕಾದ ಕರೆ ಅದು. ಸಂಶೋಧನೆಯನ್ನು ಯಾರಾದರೂ ಕದ್ದಾರೆಂದು ಪ್ರಬಂಧವನ್ನು ಕಬ್ಬಿಣದ ಕಪಾಟಿನೊಳಗಿಟ್ಟು, ಬೀಗ ಹಾಕಿ, ಕೀಯನ್ನು ಒಂದು ವಾರ ಉಡಿದಾರಕ್ಕೆ ಕಟ್ಟಿಕೊಂಡೇ ಓಡಾಡಿದರು.

ಭಾಷಣದ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಕಪಾಟಿನ ಮುಂದೆ ನಿಂತರೆ, ಕೀ ಹಾಕುವ ತೂತೇ ಇಲ್ಲ. ಅದಿದ್ದ ಜಾಗದಲ್ಲಿ ಮಣ್ಣಿನದೊಂದು ಪುಟ್ಟ ಕೊಡ ಅಂಟಿಕೊಂಡಿತ್ತು.

"ಸ್ವರ್ಣಾ, ಒಂದು ಸ್ಕ್ರೂ ಡ್ರೈವರ್ ಕೊಡು," ಎಂದರು.

ಹೆಂಡತಿ ಸ್ವರ್ಣಲತಾ ಬಂದವರು ಕೊಡವನ್ನು ನೋಡಿ ಕೈ ಅಡ್ಡ ಹಿಡಿದರು. "ಅದನ್ನು ಮುಟ್ಟುವ ಹಾಗಿಲ್ಲ ಮಾರಾಯ್ರೆ. ಮನೆಯಲ್ಲಿ ಬಸುರಿ ಇರುವಾಗ ಕುಂಬಾರ ಹುಳದ ಗೂಡು ಒಡೀಲಿಕ್ಕುಂಟಾ?"

"ಅದೆಲ್ಲ ಮೂಢನಂಬಿಕೆ. ನಾನು ಮೂವತ್ತು ವರ್ಷ ಪಾಠ ಮಾಡಿದವ."

"ಪಾಠ ಮಕ್ಕಳಿಗೆ ಮಾಡಿದ್ದು. ಹುಳಕ್ಕಲ್ಲ."

ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಪ್ರಾಪ್ತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಬಂದಳು. ಮಾಷ್ಟ್ರಿಗೆ ಜೀವ ಬಂತು. "ನೀನೇ ಹೇಳು ಮಗಾ. ಎಂ.ಎಸ್ಸಿ. ಓದಿದವಳು."

"ನನಗೆ ಅಂಥ ನಂಬಿಕೆ ಎಂತದೂ ಇಲ್ಲ ಅಪ್ಪ," ಎಂದಳು ಪ್ರಾಪ್ತಿ. "ಆದ್ರೆ ಒಡೀಬೇಡಿ."

ಮಾಷ್ಟ್ರು ಮಗಳ ಮುಖ ನೋಡಿದರು. ಮೂವತ್ತು ವರ್ಷದ ವಿಚಾರವಾದ ಅಲ್ಲಿಗೆ ಮುಗಿಯಿತು. ನಂಬಿಕೆ ಅವರಿಗೂ ಇರಲಿಲ್ಲ, ಆದರೆ ಕೈ ಮೇಲೇಳಲಿಲ್ಲ.

"ಈಗ ಕೂಟದವರಿಗೆ ಎಂತ ಹೇಳುದು? ಹುಳ ಬಾಗಿಲು ಮುಚ್ಚಿತು ಅಂತಲಾ?"

"ನಂಬುದಿಲ್ಲಾಂತಾದ್ರೆ ಫೋಟೋ ತೋರಿಸಿ," ಎಂದು ಸ್ವರ್ಣಲತಾ ಗಂಡನ ಮೊಬೈಲಿನಲ್ಲೇ ಒಂದು ಫೋಟೋ ತೆಗೆದುಕೊಟ್ಟರು.

ಮೂಡುಬಿದಿರೆಯಲ್ಲಿ ಕೂಟದ ಕಾರ್ಯದರ್ಶಿ ದಯಾನಂದ ಆ ಫೋಟೋ ಕಂಡು ಹಿಗ್ಗಿಹೋದ. ಬೇಡ ಬೇಡವೆನ್ನುವಷ್ಟರಲ್ಲಿ ಅದನ್ನು ವೇದಿಕೆಯ ದೊಡ್ಡ ಪರದೆಯ ಮೇಲೆ ಹಾಕಿಸಿದ. ಗುಂಡು ಹೊಟ್ಟೆ, ಸಪೂರ ಕೊರಳು, ಹೊರಕ್ಕೆ ಮಡಚಿದ ಅಂಚು: ಚಕ್ರದಿಂದ ಆಗಷ್ಟೇ ಇಳಿಸಿದಂತಹ ಕೊಡ ಆಳೆತ್ತರಕ್ಕೆ ಮೂಡಿತು. ಅದರ ಬುಡದಲ್ಲಿ ಬರಿಗೈಯಲ್ಲಿ ನಿಂತ ಮಾಷ್ಟ್ರು ಗಂಟಲು ಸರಿಮಾಡಿಕೊಂಡು, "ಕುಂಬಾರ ಹುಳ ಎಂಬ ಹೆಸರಿನ ನಿಜವಾದ ಮೂಲ..." ಎಂದು ಆರಂಭಿಸಿದರು.

ಮುಂದಿನ ಸಾಲಿನಿಂದ ಜೈನಬಮ್ಮ ಎಂಬ ಹಿರಿಯರು ಪರದೆಗೆ ಬೆರಳು ತೋರಿಸಿ ಕೇಳಿದರು: "ಅಲ್ಲ ಮಾಷ್ಟ್ರೇ, ಅದರಲ್ಲಿ ಹುಡುಕ್ಲಿಕ್ಕೆ ಎಂತ ಉಂಟು? ಕಾಣ್ತದಲ್ಲಾ."

ಮಾಷ್ಟ್ರು ತಿರುಗಿ ಕೊಡವನ್ನು ನೋಡಿದರು. ಕುಂಭೋದರ ನಾಲಿಗೆಯ ತುದಿಯವರೆಗೆ ಬಂದು, ನಾಚಿ ಹಿಂದಕ್ಕೆ ಹೋದ.

"ಹೌದಮ್ಮ," ಎಂದು ಹೇಳಿ ಕುಳಿತರು. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು.

ಸಂಜೆ ಮನೆಗೆ ಬಂದಾಗ ಸ್ವರ್ಣಲತಾ ಕಾಫಿ ಕೊಡುತ್ತಾ ಕೇಳಿದರು, "ಹೇಗಾಯ್ತು?"

"ಭಾರೀ ಚಪ್ಪಾಳೆ ಬಿತ್ತು."

"ಹೌದಾ? ಯಾರಿಗೆ?"

ಮಾಷ್ಟ್ರು ಕಪಾಟಿಗೆ ಅಂಟಿದ ಕೊಡದ ಕಡೆಗೆ ಬೆರಳು ತೋರಿಸಿದರು.